ಹೌದು ಅನ್ನದ ನಾಗವೇಣಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾಗವೇಣಿ ಒಂದು ಪ್ರಶ್ನೆಗೆ ಹೌದೆಂದೋ ಇಲ್ಲವೆಂದೋ ನೇರವಾಗಿ ಉತ್ತರ ಕೊಟ್ಟದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಉಳಿದಂತೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಹೇಳೂಕಾಗುದಿಲ್ಲ." ಇವತ್ತು ಮಳೆ ಬರಬಹುದಾ ಎಂದರೆ ಹೇಳೂಕಾಗುದಿಲ್ಲ. ಭಾನುವಾರ ಮನೆಯಲ್ಲಿರುತ್ತೀಯಾ ಎಂದರೆ ಹೇಳೂಕಾಗುದಿಲ್ಲ. ಇನ್ನೊಂದು ದೋಸೆ ಹಾಕಲಾ ಎಂದು ಅಮ್ಮ ಕೇಳಿದರೂ ಒಮ್ಮೆ ತಟ್ಟೆ ನೋಡಿ, ಒಮ್ಮೆ ಕಾವಲಿ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, "ಹೇಳೂಕಾಗುದಿಲ್ಲ ಅಮ್ಮ" ಎನ್ನುತ್ತಿದ್ದಳು.

"ಒಟ್ಟೆ ನಿಂದೋ ನಂದೋ?" ಎನ್ನುತ್ತಾ ಅಮ್ಮ ಹಿಟ್ಟು ಹುಯ್ದೇಬಿಡುತ್ತಿದ್ದಳು. ನಾಗವೇಣಿ ಅದನ್ನೂ ತಿನ್ನುತ್ತಿದ್ದಳು.

ನನಗೆ ಇದು ಮೈಯುರಿಸುವ ವಿಷಯ. ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವನು. ನಮ್ಮ ಕೈಯಲ್ಲಿ ಗೋ-ನೋಗೋ ಗೇಜ್ ಎಂಬ ಉಕ್ಕಿನ ಕಡ್ಡಿ ಇರುತ್ತದೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹಾಗಾದರೆ ಮಾಲು ಪಾಸು, ಇಲ್ಲದಿದ್ದರೆ ರಿಜೆಕ್ಟು. ನಡುವೆ ಇನ್ನೊಂದು ಬುಟ್ಟಿ ಇಲ್ಲ. ಹೀಗೆ ಬೆಳಗಿನಿಂದ ಸಂಜೆವರೆಗೆ ಹೌದು-ಇಲ್ಲ ಎಂದುಕೊಂಡೇ ಅನ್ನ ತಿನ್ನುವವನ ತಲೆಯ ಮೇಲೆ, ಮಹಡಿಯಲ್ಲಿ, ದೇವರು ಇವಳನ್ನು ತಂದು ಕೂರಿಸಿದ್ದ.

ಅವಳು ಬಂದದ್ದು ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ. ನಾಗಸಂದ್ರದ ಹಳೇ ಊರಿನೊಳಗಿನ ನಮ್ಮ ಮನೆಯ ಮೇಲೆ ಒಂದು ಕೋಣೆ, ಅಡಿಗೆಗೆ ಒಂದು ಮೂಲೆ, ಮುಂದೆ ತೆರೆದ ತಾರಸಿ. ಸಾಮಾನ್ಯವಾಗಿ ಕಾರ್ಖಾನೆಗೆ ಹೋಗುವ ಹುಡುಗರೇ ಬಾಡಿಗೆಗೆ ಬರುತ್ತಿದ್ದರು. ಈ ಹುಡುಗಿ ಎರಡು ಬ್ಯಾಗು, ಒಂದು ಮರದ ಪೆಟ್ಟಿಗೆಯೊಂದಿಗೆ ಬಂದಿಳಿದಳು. ಪೆಟ್ಟಿಗೆಯನ್ನು ಮೇಲೆ ಹೊತ್ತವನು ನಾನೇ. ಹೆಜ್ಜೆಹೆಜ್ಜೆಗೂ ಒಳಗೆ ಗಲಗಲ ಸದ್ದು. ಪಿಂಗಾಣಿ ಪಾತ್ರೆ ಒಡೆದುಹೋದರೆ ಗತಿಯೇನೆಂದು ಉಸಿರು ಬಿಗಿಹಿಡಿದು ಇಳಿಸಿ, ಏನಮ್ಮ ಇದರಲ್ಲಿ ಎಂದು ಕೇಳಿದರೆ, "ಚಿಪ್ಪಿ, ಅಣ್ಣ. ಖಾಲಿ ಚಿಪ್ಪಿ" ಎಂದಳು. ಸೊಂಟ ಹಿಡಿದುಕೊಂಡು ಕೆಳಗಿಳಿದೆ.

ಬಿಸಿಲಿಗೆ ಕಂದಿದ ಮೈ, ಅಂಗಾಲಿನ ತುಂಬ ಹಳೆಯ ಗೀರುಗಳು. ಸಮತಟ್ಟಾದ ಸಿಮೆಂಟು ಮೆಟ್ಟಿಲನ್ನೂ ಕೆಸರಿನಿಂದ ಕಾಲು ಕಿತ್ತಿಡುವವಳ ಹಾಗೆ ಎತ್ತೆತ್ತಿ ಇಡುತ್ತಿದ್ದಳು. ಅವಳು ಮಹಡಿ ಹತ್ತಿದರೆ ಸದ್ದಿನಲ್ಲೇ ಇದು ನಾಗವೇಣಿ ಎಂದು ನಮಗೆ ಗೊತ್ತಾಗುತ್ತಿತ್ತು.

ಅವಳದು ಉತ್ತರ ಕನ್ನಡದ ಕರಾವಳಿ. ಹೊಳೆ ಬಂದು ಸಮುದ್ರ ಸೇರುವ ಅಳಿವೆಯ ಪಕ್ಕದ ಊರು. ಅಲ್ಲಿ ನೀರಿಳಿದಾಗ ಹೆಂಗಸರು ಕೆಸರಿನಲ್ಲಿ ಕೂತು ಬಳಚು ಎಂಬ, ತಿನ್ನುವ ಚಿಪ್ಪಿಯನ್ನು ಕೈಯಿಂದ ಆರಿಸಿ ಮಾರುತ್ತಾರೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡ ಇವಳನ್ನು ಸಾಕಿದ್ದು ಚಿಕ್ಕಮ್ಮ ಮಾದೇವಿ. ಓದಿಸಿದ್ದೂ ಆ ಬಳಚಿನಿಂದಲೇ. ಇವಳು ಸಮುದ್ರ ವಿಜ್ಞಾನ ಓದಿ, ಅದೇ ಬಳಚಿನ ಮೇಲೆ ಸಂಶೋಧನೆ ಮಾಡಿ, ಹೊಸದಾಗಿ ಡಾಕ್ಟರೇಟು ಪಡೆದಿದ್ದಳು. ಅಷ್ಟಾದ ಮೇಲೆ ಸಮುದ್ರದ ದಡದಲ್ಲಿರುವುದು ಬಿಟ್ಟು, ಕೊಳವೆಬಾವಿಯೂ ಬತ್ತಿದ ನಮ್ಮೂರಿಗೆ ಯಾಕೆ ಬಂದಳು ಎಂಬುದು ನನಗೆ ಹೊಳೆಯಲಿಲ್ಲ.

ಒಂದು ದಿನ ಕೇಳಿಯೇಬಿಟ್ಟೆ. ಯಶವಂತಪುರದ ಕಡೆ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಕರಾವಳಿಯ ಜೀವಿಗಳನ್ನು ಉಳಿಸಲು ಯಾವ ನಿಯಮ ಬೇಕೆಂದು ಸರ್ಕಾರಕ್ಕೆ ಬರೆದುಕೊಡುವ ಸಂಸ್ಥೆ.

"ಅದನ್ನ ಸಮುದ್ರದ ಹತ್ರ ಕೂತು ಬರೀಬಾರ್ದಾ?" ಎಂದೆ.

"ಸಮುದ್ರದ ಕಾನೂನು ಸಮುದ್ರದ ಹತ್ರ ಆಗುದಿಲ್ಲ ಅಣ್ಣ, ವಿಧಾನಸೌಧದ ಹತ್ರ ಆಗ್ತದೆ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಬಳಚು ಕಡಿಮೆ ಆಗ್ತಾ ಉಂಟು ಅಂತ ವರ್ಷಾ ವರ್ಷಾ ಎಣಿಸಿ ಬರದೆ. ಎಷ್ಟು ಚಂದ ಬರದ್ರೂ ಅದು ಜಾಸ್ತಿ ಆಗ್ಲಿಲ್ಲ. ಎಣಿಸ್ತಾ ಎಣಿಸ್ತಾ ಮುಗ್ದೇ ಹೋದ್ರೆ ಎಂತ ಮಾಡುದು ಅಂತ ಹೆದರಿಕೆ ಆಯ್ತು."

"ಇಲ್ಲಿ ಬಂದಿದ್ದು ಒಳ್ಳೇದಾಯ್ತಾ ಹಂಗಾದ್ರೆ?"

"ಹೇಳೂಕಾಗುದಿಲ್ಲ."

ನಿಜ ಹೇಳಬೇಕೆಂದರೆ, ಈ ಹೊಸ ಕೆಲಸ ಅವಳ ಜಾಯಮಾನಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಸಂಶೋಧನೆಯಲ್ಲಿ "ಇರಬಹುದು", "ಇನ್ನೂ ನೋಡಬೇಕು" ಎಂದರೆ ಮರ್ಯಾದೆ. ಸರ್ಕಾರಕ್ಕೆ ಬರೆಯುವಾಗ ಮುಚ್ಚಬೇಕಾ ಬೇಡವಾ, ಅಷ್ಟೇ ಬೇಕು. ಅವಳು ಬರೆದುಕೊಟ್ಟ ಪುಟಗಳಲ್ಲಿನ ಎಲ್ಲ "ಬಹುದು"ಗಳನ್ನೂ ಮೇಲಿನವರು ಹೊಡೆದುಹಾಕಿ "ಬೇಕು" ಮಾಡುತ್ತಿದ್ದರಂತೆ. ಅಂಥ ದಿನ ಅವಳು ಸಂಜೆ ಬಂದು ಅಮ್ಮನ ಪಕ್ಕ ಕೂತು ಸುಮ್ಮನೆ ಅವರೆಕಾಯಿ ಸುಲಿಯುತ್ತಿದ್ದಳು.

ನಾನು ಅವಳಿಗೆ ಒಂದು ಪಾಠ ಕಲಿಸಲು ನೋಡಿದ್ದುಂಟು. ಸವೆದು ಮೂಲೆಗೆ ಬಿದ್ದಿದ್ದ ಒಂದು ಗೇಜನ್ನು ಕಾರ್ಖಾನೆಯಲ್ಲಿ ಕೇಳಿ ತಂದು, ಅವಳ ಚಿಪ್ಪಿಗಳನ್ನೇ ಮುಂದಿಟ್ಟುಕೊಂಡು, ಪಾಸು-ರಿಜೆಕ್ಟು ಎಂದರೆ ಹೇಗೆಂದು ವಿವರಿಸಿದೆ. ಅವಳು ಮಗುವಿನ ಹಾಗೆ ಕಣ್ಣರಳಿಸಿ ಕೇಳಿದಳು. ಕೊನೆಗೆ, "ರಿಜೆಕ್ಟ್ ಆದದ್ದು ಎಂತ ಆಗ್ತದೆ ಅಣ್ಣ?" ಎಂದಳು. ಸ್ಕ್ರಾಪಿಗೆ ಹೋಗುತ್ತೆ ಎಂದೆ. "ನಿಮಗೆ ಬೇಜಾರಾಗುದಿಲ್ಲವಾ?" ಎಂದಳು. ತಪಾಸಣೆಯವನನ್ನು ಯಾರಾದರೂ ಕೇಳುವ ಪ್ರಶ್ನೆಯೇ ಇದು! ಗೇಜನ್ನು ಅವಳಿಗೇ ಕೊಟ್ಟು ಎದ್ದು ಬಂದೆ. ಅವಳು ಅದನ್ನು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದಳು.

ಇನ್ನೊಂದು ಅಭ್ಯಾಸವಿತ್ತು. ದಿನಾ ಬೆಳಗ್ಗೆ ತಾರಸಿಯಲ್ಲಿ ನಿಂತು ಫೋನಿನಲ್ಲಿ ಅವಳೂರಿನ ಉಬ್ಬರ-ಇಳಿತದ ಹೊತ್ತು ನೋಡುತ್ತಿದ್ದಳು. ನೀರಿಳಿದಿದ್ದರೆ ಚಿಕ್ಕಮ್ಮ ಕೆಸರಿನಲ್ಲಿರುತ್ತಾಳೆ, ಫೋನೆತ್ತುವುದಿಲ್ಲ. ನೀರು ಏರಿದ ಮೇಲೆ ಮನೆಗೆ ಬಂದಿರುತ್ತಾಳೆ. ಹಾಗಾಗಿ ಚಿಕ್ಕಮ್ಮನೊಂದಿಗೆ ಮಾತಾಡುವ ಹೊತ್ತು ದಿನದಿನವೂ ಜರುಗುತ್ತಿತ್ತು. "ಈಗ ನೀರಿಲ್ಲ, ಮಧ್ಯಾಹ್ನದ ಮೇಲೆ ನೀರು ಬರ್ತದೆ" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುವುದು ಕೆಳಗೆ ಪಾತ್ರೆ ತೊಳೆಯುವ ಅಮ್ಮನ ಕಿವಿಗೆ ಬೀಳುತ್ತಿತ್ತು. ಫೋನು ಕೆಲವೊಮ್ಮೆ ಅಮ್ಮನ ಕೈಗೂ ಬರುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಅರ್ಧವೂ ಅರ್ಥವಾಗದೆ ಅಮ್ಮ ಮತ್ತು ಮಾದೇವಿ ಗೆಳತಿಯರಾದರು.

ನಮ್ಮ ಬೀದಿಗೆ ನೀರು ಬಿಡುವುದು ಆಗ ಯಾರ ಲೆಕ್ಕಕ್ಕೂ ಸಿಗದ ವಿಷಯ. ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರು. ಮಹಡಿಯ ಹುಡುಗಿ ನೀರಿನ ಬಗ್ಗೆ ಓದಿದವಳು, ಸರ್ಕಾರಕ್ಕೆ ಬರೆಯುವವಳು, ನೀರು ಯಾವಾಗ ಬರುತ್ತದೆಂದು ಬೆಳಗ್ಗೆಯೇ ಹೇಳುವವಳು. ಇಷ್ಟನ್ನೂ ಕೂಡಿಸಿ ಅಮ್ಮ ತಾನೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಒಂದು ಭಾನುವಾರ ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಮ್ಮ ಮೆಟ್ಟಿಲ ಮುಂದೆ ನಿಂತಿದ್ದರು.

"ವೇಣಿ, ವಸಿ ಕೆಳಗೆ ಬಾರವ್ವ," ಅಮ್ಮ ಕೂಗಿದಳು. "ನೀರಿನ್ ಆಫೀಸ್ನಲ್ಲಿ ಒಂದ್ ಮಾತು ಯೇಳು. ಕೊನೇ ಮನೆಗೋಳ್ಗೆ ಒಂದ್ ಬಿಂದಿಗೆ ನೀರಿಲ್ಲ."

ನಾನಾಗಿದ್ದರೆ ಅಲ್ಲೇ ಇತ್ಯರ್ಥ ಮಾಡುತ್ತಿದ್ದೆ: ಇವಳು ಆ ಆಫೀಸಿನವಳಲ್ಲ, ಎಲ್ಲರೂ ಮನೆಗೆ ಹೋಗಿ. ನಾಗವೇಣಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು, ಕೊಡಗಳನ್ನು ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ಯಾವ ಮನೆಗೆ ಮೊದಲು ಬರುತ್ತೆ, ಯಾವ ಮನೆಗೆ ಬರುವಷ್ಟರಲ್ಲಿ ನಿಲ್ಲುತ್ತೆ ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದಳು. ಮುಂದಿನ ದಿನಗಳಲ್ಲಿ ನೀರು ಬಿಡುವವನ ಹಿಂದೆಯೇ ಕಾಲೆತ್ತೆತ್ತಿ ಇಟ್ಟುಕೊಂಡು ಬೀದಿ ಸುತ್ತಿದಳು. ಮುಂದಿನ ಮನೆಯವರನ್ನೂ ಕೊನೆಯ ಮನೆಯವರನ್ನೂ ಒಂದೆಡೆ ಕೂರಿಸಿದಳು. ಜಗಳವಾಯಿತು, ಆಮೇಲೆ ಒಪ್ಪಂದವೂ ಆಯಿತು. ಒಂದು ಸಲ ಮೇಲಿನಿಂದ, ಒಂದು ಸಲ ಕೊನೆಯಿಂದ. ಎಲ್ಲರೂ ಕೂಡಿ ಆಫೀಸಿಗೆ ಹೋಗಿ ಹೇಳಿಬಂದರು. ಅದೇ ವಾರ ಯಾರೋ ಬಂದು ರಸ್ತೆ ಅಗೆದು ಹಳೇ ವಾಲ್ವನ್ನೂ ಬದಲಾಯಿಸಿದರು. ನೀರು ಸರಿಯಾಗಿ ಬಂತು. ಒಪ್ಪಂದದಿಂದ ಬಂತೋ ವಾಲ್ವಿನಿಂದ ಬಂತೋ ಎಂದು ನಾನು ಕೇಳಿದರೆ ಅವಳ ಉತ್ತರ ನಿಮಗೆ ಗೊತ್ತೇ ಇದೆ. ಅಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಅವತ್ತಿನಿಂದ ಬೀದಿಯಲ್ಲಿ ಅವಳು ನೀರಿನ ಮೇಡಂ.

ಮೆಟ್ರೋ ಓಡಲು ಶುರುವಾದ ಮೇಲಿನ ಮಾತು. ಒಂದು ಸಂಜೆ ಅವಳು ಬಂದವಳೇ ಚಪ್ಪಲಿಯನ್ನೂ ಬಿಚ್ಚದೆ ನಮ್ಮ ಹೊಸ್ತಿಲಲ್ಲಿ ಕೂತಳು. ಅವಳೂರಿನ ಅಳಿವೆಯಲ್ಲಿ ಬಳಚು ಆರಿಸುವ ದಂಡೆಗಳು ಮೂರು. ಬಳಚು ಮರಿ ಬಿಡುವ ತಿಂಗಳುಗಳಲ್ಲಿ ಅದರಲ್ಲಿ ಒಂದನ್ನು ಪೂರ್ತಿ ಮುಚ್ಚಿ, ಬಳಚು ಮತ್ತೆ ಹೆಚ್ಚುತ್ತದೋ ನೋಡೋಣವೆಂದು ಇವಳ ಸಂಸ್ಥೆ ಹೇಳಿದ್ದಕ್ಕೆ ಸರ್ಕಾರ ಒಪ್ಪಿತ್ತು. ಯಾವ ದಂಡೆಯೆಂದು ತೀರ್ಮಾನಿಸುವುದನ್ನು, ಅಲ್ಲಿಯವಳೇ ಇದ್ದಾಳಲ್ಲ ಎಂದು, ಇವಳಿಗೆ ಬಿಟ್ಟಿದ್ದರು. ಒಂದು ದಂಡೆ ಇವಳೂರಿನದು. ಚಿಕ್ಕಮ್ಮ ಕೂರುವುದು ಅಲ್ಲೇ.

"ವಿಜ್ಞಾನದ ಪ್ರಕಾರ ಯಾವ್ದು ಸರಿ?" ಎಂದೆ.

"ಮೂರೂ ಒಂದೇ, ಅಣ್ಣ. ಅದೇ ತೊಂದರೆ."

ತನ್ನೂರಿನದನ್ನು ಬರೆದರೆ ಸಾಕಿದವಳ ಹೊಟ್ಟೆಯ ಮೇಲೆ ತಾನೇ ಹೊಡೆದಂತೆ. ಬೇರೆಯವರದನ್ನು ಬರೆದರೆ, ತನ್ನವರನ್ನು ಕಾಪಾಡಿಕೊಂಡಳು ಎಂದು ಊರೂರೇ ಆಡಿಕೊಳ್ಳುತ್ತದೆ, ನಿಯಮವನ್ನೂ ಯಾರೂ ಪಾಲಿಸುವುದಿಲ್ಲ. ಕೆಲವು ದಿನ ಅವಳು ಬೇರೆ ಮಾತೇ ಆಡಲಿಲ್ಲ. ಬೆಳಗ್ಗೆ ಒಂದು ದಂಡೆ ಹೇಳುವಳು, ಸಂಜೆ ಇನ್ನೊಂದು. ಕೇಳಿ ಕೇಳಿ ನನಗೇ ತಲೆ ಕೆಟ್ಟುಹೋಯಿತು.

ಆಗ ಅಮ್ಮ ತನ್ನ ಮಾವನ ಕಥೆ ತೆಗೆದಳು. ನಮ್ಮ ತಾತ ಊರಿನ ನೀರಗಂಟಿ. ಕೆರೆಯ ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರೆಂದು ಹಂಚುವುದು ಅವರ ಕೆಲಸ. ಆ ಕೆರೆ ಈಗ ಇಲ್ಲ; ಅಲ್ಲಿ ಶೆಡ್ಡುಗಳೂ ಲಾರಿ ನಿಲ್ಲಿಸುವ ಜಾಗವೂ ಇವೆ.

"ನಮ್ಮಾವ ಊರಿನ್ ಗದ್ದೆಗೆಲ್ಲ ನೀರ್ ಬಿಟ್ಟು, ಕೊನೇಗೆ ನಮ್ ಗದ್ದೆಗೆ ಬಿಡೋರು. ನೀರಗಂಟಿ ಗದ್ದೆ ಕೊನೇಗೇ ನೆನೀಬೇಕು ಅನ್ನೋರು," ಎಂದಳು ಅಮ್ಮ.

ನಾಗವೇಣಿ ನೆಟ್ಟಗೆ ಕೂತು ಕೇಳಿದಳು. ಎರಡು ದಿನ ಕಳೆದ ಮೇಲೆ ಮತ್ತೆ ಅದೇ ಕಥೆ ಕೇಳಿದಾಗ ಅಮ್ಮ, "ಮೊದ್ಲು ನಮ್ ಗದ್ದೆಗೇ ಬಿಡೋರು ಕಣವ್ವ, ಕಾಲ್ವೆ ಎಲ್ಲಾದ್ರೂ ಒಡೆದದಾ ಅಂತ ನೋಡಕ್ಕೆ" ಎಂದುಬಿಟ್ಟಳು.

"ಮೊನ್ನೆ ಕೊನೇಗೆ ಅಂದ್ರಲ್ಲಮ್ಮ! ಯಾವ್ದು ಸರಿ?"

"ಎಲ್ಡೂ ಸರಿ. ಕೆರೆ ತುಂಬಿದ್ ವರ್ಸ ಒಂದು, ತುಂಬ್ದೆ ಇದ್ ವರ್ಸ ಒಂದು." ಅಮ್ಮ ಅಕ್ಕಿ ಆರಿಸುತ್ತಲೇ ಸೇರಿಸಿದಳು: "ಆದ್ರೆ ಬೈಸ್ಕೊಂಡಿದ್ ಮಾತ್ರ ಎಲ್ಡು ವರ್ಸಾನೂವೆ. ಊರೋರಲ್ಲ, ನಮ್ಮತ್ತೇನೇ ಬೈಯೋರು."

ಇದರಿಂದ ನಾಗವೇಣಿಗೆ ಏನು ತಿಳಿಯಿತೋ ನನಗಂತೂ ಇವತ್ತಿಗೂ ಗೊತ್ತಿಲ್ಲ. ಆ ವಾರದಲ್ಲೇ ತನ್ನೂರಿನ ದಂಡೆಯ ಹೆಸರು ಬರೆದು ಕೊಟ್ಟು ಬಂದಳು.

"ನಮ್ಮಮ್ಮನ ಮಾತ್ ಕೇಳಿ ಮಾಡಿದ್ಯಾ?" ಎಂದು ಗಾಬರಿಯಾಗಿ ಕೇಳಿದೆ.

"ಬೇರೆಯವರದ್ದು ಬರಿಯೂಕೆ ಕೈ ಏಳ್ಲಿಲ್ಲ ಅಣ್ಣ. ಇದು ವಿಜ್ಞಾನ ಅಲ್ಲ. ಎಂತ ಅಂತ ಹೇಳೂಕಾಗುದಿಲ್ಲ."

ದಂಡೆ ಮುಚ್ಚಿತು. ಅವಳು ಬೆಳಗ್ಗೆ ತಾರಸಿಯಲ್ಲಿ ನಿಂತು ನೀರಿನ ಹೊತ್ತು ನೋಡುವುದು ಮಾತ್ರ ನಿಲ್ಲಲಿಲ್ಲ. ಆದರೆ ಫೋನು ಮಾಡುತ್ತಿರಲಿಲ್ಲ. ಈಗ ಉಬ್ಬರವೇನು, ಇಳಿತವೇನು, ಚಿಕ್ಕಮ್ಮ ದಿನವಿಡೀ ಮನೆಯಲ್ಲೇ ಇರುತ್ತಿದ್ದಳು. ಅವಳಾಗಿಯೇ ಮಾಡಿದ ಫೋನನ್ನೂ ಇವಳು ಎತ್ತದೆ ಹಾಗೇ ಹಿಡಿದು ನಿಂತದ್ದನ್ನು ನಾನು ಕಂಡಿದ್ದೇನೆ. ಹೇಳಿಬಿಡೇ ಮಾರಾಯ್ತಿ ಎಂದು ಬಾಯಿಗೆ ಬರುತ್ತಿತ್ತು. ಹೇಳಿದರೆ ಏನಾಗುತ್ತಿತ್ತೆಂದು ನನಗೂ ತಿಳಿಯದೆ ಸುಮ್ಮನಾಗುತ್ತಿದ್ದೆ.

ಒಂದು ಬೆಳಗ್ಗೆ ಅಮ್ಮನ ಫೋನು ಬಡಿದುಕೊಂಡಿತು. ಮಾದೇವಿ ಬಸ್ಸಿಳಿದು ಗೊರಗುಂಟೆಪಾಳ್ಯದಲ್ಲಿ ನಿಂತಿದ್ದಳು. ಸ್ಕೂಟರಿನಲ್ಲಿ ನಾನೇ ಹೋಗಿ ಕರೆತಂದೆ. ಸಣಕಲು ಹೆಂಗಸು, ಮಡಿಲಲ್ಲಿ ಒಂದು ಚೀಲ. ಮೇಲ್ಸೇತುವೆ ಕಂಡಾಗ, "ಕೆಳಗೆ ಹೊಳೆ ಉಂಟಾ?" ಎಂದಳು. ಇಲ್ಲ, ರಸ್ತೆ ಎಂದೆ. ಸೇತುವೆ ಎಂತಕ್ಕೆ ಎಂದಳು. ನಾನು ಸ್ಕೂಟರಿನ ವೇಗ ಹೆಚ್ಚಿಸಿದೆ.

ನಾಗವೇಣಿ ಆಫೀಸಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದಳು. ಗೇಟಿನಲ್ಲಿ ಚಿಕ್ಕಮ್ಮನನ್ನು ಕಂಡು ನಡುಮೆಟ್ಟಿಲಲ್ಲೇ ನಿಂತಳು. ಮಾದೇವಿ ಚೀಲವನ್ನೂ ಕೆಳಗಿಡದೆ ಕೇಳಿದಳು:

"ನಮ್ಮ ದಂಡೆ ಮುಚ್ಚೂಕೆ ಬರದುಕೊಟ್ಟದ್ದು ನೀನೇ ಅಂತ ಹೇಳ್ತ್ರು ಎಲ್ಲ. ಹೌದನೇ?"

ಅಮ್ಮ ಓಡಿಬಂದು ನಡುವೆ ನಿಂತಳು. "ಅಯ್ಯೋ, ಯಾರ್ ಯೇಳಿದ್ದು ನಿಂಗೆ? ಅವ್ಳು ನೀರಿನ್ ಆಫೀಸ್ನೋಳು ಕಣವ್ವ! ಚಿಪ್ಪಿಗೂ ಅವ್ಳಿಗೂ ಏನ್ ಸಂಬಂದ? ಎಲ್ಲಾ ಸರ್ಕಾರದೋರ್ ಮಾಡೋದು."

ನಾನೂ ಕಾದೆ. ಈ ಒಂದು ಸಲ ಆ ಹಾಳು ಮಾತು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಸುಳ್ಳೂ ಆಗುತ್ತಿರಲಿಲ್ಲ. ಸಹಿ ಅವಳದಲ್ಲ, ಆದೇಶ ಅವಳದಲ್ಲ. ಮೇಲಿನವರೆಂದು ಕೈತೋರಿಸಲು ಬೇಕಾದಷ್ಟು ಜನ ಇದ್ದರು.

"ಹೌದು," ಎಂದಳು ನಾಗವೇಣಿ.

ಮಾದೇವಿ ಚೀಲವನ್ನು ಕೆಳಗಿಟ್ಟು, ಮೆಲ್ಲಗೆ ಕಡೆಯ ಮೆಟ್ಟಿಲ ಮೇಲೆ ಕೂತಳು.

"ನೀನಲ್ಲ ಅಂತ ಊರವರ ಹತ್ರ ಎಲ್ಲ ಜಗಳ ಮಾಡ್ಕಂಡು ಬಂದೆ ನಾನು," ಎಂದಳು.

ಅಮ್ಮ ಬಿಂದಿಗೆಯಿಂದ ನೀರು ತಂದು ಕೊಟ್ಟಳು. ನಾಗವೇಣಿ ಇಳಿದು ಬಂದು ಚಿಕ್ಕಮ್ಮನ ಪಕ್ಕ ಕೂತಳು. ಅವತ್ತು ಅವಳು ಆಫೀಸಿಗೆ ಹೋಗಲಿಲ್ಲ. ನಾನು ಕಾರ್ಖಾನೆಗೆ ಹೋದೆನಾದರೂ ತೂತಿನಲ್ಲಿ ಗೇಜು ಹೋಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ಹಾಕಿ ನೋಡುವಂತಾಯಿತು.

ಮಾದೇವಿ ಕೆಲವು ದಿನ ಮಹಡಿಯಲ್ಲಿದ್ದಳು. ಚೀಲದಲ್ಲಿ ಒಣಮೀನು ತಂದಿದ್ದಳು. ಅಷ್ಟು ಸಿಟ್ಟಿನಲ್ಲೂ ಅದನ್ನು ಮರೆತಿರಲಿಲ್ಲ. ಚಿಕ್ಕಮ್ಮ, ಮಗಳು ಏನು ಮಾತಾಡಿಕೊಂಡರೋ ಕೆಳಗೆ ಕೇಳಿಸುತ್ತಿರಲಿಲ್ಲ. ಹೊರಡುವ ದಿನ ನಮ್ಮೆದುರಿಗೇ ಹೇಳಿದಳು: "ಮುಚ್ಚೂದು ತಪ್ಪೋ ಸರಿಯೋ ನಂಗೆ ಗೊತ್ತಾಗುದಿಲ್ಲ. ಊರವರು ಕೇಳಿದ್ರೆ ನಾ ಎಂತ ಹೇಳುದು? ಇನ್ನು ಜಗಳಾ ಮಾಡೂಕೆ ನೀನೇ ಬಾ."

ಮುಂದಿನ ತಿಂಗಳು ನಾಗವೇಣಿ ಕೋಣೆ ಖಾಲಿ ಮಾಡಿದಳು. ಕೆಲಸ ಬಿಡಲಿಲ್ಲ, ಸಂಸ್ಥೆಯವರಿಗೆ ಹೇಳಿ ಅಳಿವೆಯ ದಡದಲ್ಲೇ ಇದ್ದು ಮಾಡುವ ಏರ್ಪಾಡು ಮಾಡಿಕೊಂಡಳು. ಚಿಪ್ಪಿಯ ಪೆಟ್ಟಿಗೆಯನ್ನು ಮತ್ತೆ ನಾನೇ ಇಳಿಸಿದೆ. ಈ ಸಲ ಗಲಗಲ ಸದ್ದಿನೊಳಗೆ ಕಬ್ಬಿಣದ ಟಣ್ ಎಂಬ ಸದ್ದೂ ಸೇರಿತ್ತು. ನನ್ನ ಸವೆದ ಗೇಜು. ಅದನ್ನು ಯಾಕೆ ಒಯ್ಯುತ್ತೀ ಎಂದು ಕೇಳಬೇಕೆನಿಸಿತು. ಉತ್ತರ ಗೊತ್ತಿದ್ದುದರಿಂದ ಕೇಳಲಿಲ್ಲ. ಬಸ್ಸಿನ ಮೆಟ್ಟಿಲನ್ನೂ ಅವಳು ಕೆಸರಿನಿಂದ ಕಾಲು ಕಿತ್ತಂತೆಯೇ ಹತ್ತಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.

ವರ್ಷ ಕಳೆದ ಮೇಲೆ ಅಮ್ಮ ಒಮ್ಮೆ ಫೋನು ಮಾಡಿ, ಚಿಪ್ಪಿ ಬಂದವಾ ಎಂದು ಕೇಳಿದಳು. ಫೋನಿನಿಂದ ಅವಳ ದನಿ ನನಗೂ ಕೇಳಿಸುತ್ತಿತ್ತು. "ಬಂದಾವೆ ಅಮ್ಮ, ತುಂಬ ಬಂದಾವೆ. ಆದ್ರೆ ಮುಚ್ಚಿದ್ದಕ್ಕೇ ಬಂದ್ವೋ, ಈ ವರ್ಷದ ಮಳೆಗೆ ಬಂದ್ವೋ, ಹೇಳೂಕಾಗುದಿಲ್ಲ." ಹಿಂದಿನಿಂದ ಮಾದೇವಿ ಯಾರನ್ನೋ ಗದರುತ್ತಿದ್ದಳು. ನಾಗವೇಣಿಯನ್ನೇ ಇರಬೇಕು.

ಮಹಡಿಗೆ ಈಗ ಜಿಗಣಿಯಿಂದ ಇಲ್ಲಿಗೆ ವರ್ಗವಾಗಿ ಬಂದ ಒಬ್ಬ ಮ್ಯಾನೇಜರು ಬಂದಿದ್ದಾರೆ. ಬಲು ಚುರುಕಿನ ಮನುಷ್ಯ. ನೀರು ಬಂತಾ, ಗೇಟು ಹಾಕಿದ್ರಾ, ನಾಳೆ ಇರ್ತೀರಾ, ಏನು ಕೇಳಿದರೂ ಮಾತು ಮುಗಿಯುವ ಮೊದಲೇ "ಹೌದು ಸಾರ್" ಎನ್ನುತ್ತಾರೆ. ನನಗೆ ಯಾಕೋ ಅವರ ಒಂದು ಮಾತಿನ ಮೇಲೂ ನಂಬಿಕೆ ಹುಟ್ಟುವುದಿಲ್ಲ.